ನಮ್ಮ ಜಗಲಿ, ನಮ್ಮ ಅತ್ತೆ, ಊರವರ ಕೌದಿ

ಕೌದಿ ಹೊಲಿಯೋದು ಅಂದ್ರೆ ಸುಮ್ಮನೆ ಕೂತು ಸೂಜಿ ಆಡಿಸೋ ಕೆಲಸ, ಅದರಲ್ಲಿ ನಗೋಕೆ ಏನಿರುತ್ತೆ ಅಂತ ನನ್ನ ನಾದಿನಿ ಕೇಳ್ತಾಳೆ. ಅವಳು ಹರದನಹಳ್ಳಿಗೆ ಬಂದು ನಮ್ಮ ಜಗಲಿ ಮೇಲೆ ಒಂದು ವಾರ ಕೂರಲಿ. ಹಳೆ ಬಟ್ಟೆ ಗಂಟು ಹೊತ್ತು ಬರೋರು ಮನೆಯ ಜಗಳವನ್ನೂ ಗಂಡನ ಮೊಂಡುತನವನ್ನೂ ಅದರ ಜೊತೆಗೇ ಕಟ್ಟಿಕೊಂಡು ಬರ್ತಾರೆ. ನಗಬಾರದು ಅಂತ ನಾವು ತುಟಿ ಕಚ್ಚಿಕೊಂಡು ಕೂತ ದಿನವೇ ಏನಾದರೊಂದು ನಡೆದುಬಿಡುತ್ತೆ.

ಹೊಲಿಯೋರು ಮೂವರು: ನಾನು, ನನ್ನ ಅತ್ತೆ, ಎದುರುಮನೆ ಅಕ್ಕ. ಕೆಳಗೆ ಒಂದು ಸೀರೆ ಹಾಸಿ, ಅದರ ಮೇಲೆ ಪದರ ಪದರವಾಗಿ ಹಳೆ ಬಟ್ಟೆ ಹರಡಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ಒಬ್ಬೊಬ್ಬರು ಒಂದೊಂದು ಅಂಚಿಂದ ಹೊಲಿಯುತ್ತಾ ನಡುವಿಗೆ ಬರ್ತೀವಿ. ಅತ್ತೆಗೆ ವಯಸ್ಸಾಗಿದೆ. ಆದರೂ ಅವರ ಕೈ ನಮ್ಮಿಬ್ಬರ ಕೈಗಿಂತ ಚುರುಕು. ಬಾಯಿ ಕೈಗಿಂತ ಚುರುಕು.

ಜೇಬು

ಹರವೆ ಊರಿನ ಒಬ್ಬ ಹೆಂಗಸು ಗಂಡನ ಹಳೆ ಅಂಗಿಗಳನ್ನೆಲ್ಲ ಗಂಟು ಕಟ್ಟಿ ತಂದಳು. "ಎಲ್ಲಾನೂ ಅರ್ದು ಆಕ್ಬುಡಿ ಅಕ್ಕ. ಒಂದೂ ಉಳೀಬಾರ್ದು" ಅಂದು, ಗಂಟು ಇಟ್ಟು, ಬಸ್ಸಿಗೆ ಹೊತ್ತಾಯಿತು ಅಂತ ಓಡಿದಳು. ಯಾಕಿಷ್ಟು ಅವಸರ ಅಂತ ಆಗ ನಮಗೆ ಹೊಳೆಯಲಿಲ್ಲ.

ಕೌದಿ ಮುಕ್ಕಾಲು ಆಗಿತ್ತು. ಒಂದು ಬೆಳಿಗ್ಗೆ ಆ ಗಂಡ ಮೊಪೆಡ್‌ನಲ್ಲಿ ಧೂಳೆಬ್ಬಿಸಿಕೊಂಡು ಬಂದ. ಸ್ಟ್ಯಾಂಡ್ ಕೂಡ ಹಾಕದೆ ಗೋಡೆಗೆ ಒರಗಿಸಿ, "ನನ್ ಚೌಕಳಿ ಅಂಗಿ ಎಲ್ಲವ್ವ?" ಅಂದ.

ಅತ್ತೆ ಸೂಜಿಯಲ್ಲೇ ಕೌದಿಯ ನಡುಮಧ್ಯಕ್ಕೆ ತೋರಿಸಿದರು. ಅವನು ಚಪ್ಪಲಿ ಬಿಟ್ಟು ಜಗಲಿ ಹತ್ತಿ, ಆ ಚೌಕಳಿ ತುಂಡಿನ ಮುಂದೆ ಕೂತ. ಕೈ ಸವರಿದ. ಕಣ್ಣಲ್ಲಿ ನೀರೇ ಬಂತು.

"ಈ ಅಂಗಿ ಆಕ್ಕಂಡೇ ಕಣವ್ವ ನಾನು ಹೆಣ್ಣು ನೋಡಕ್ಕೆ ಓಗಿದ್ದು."

"ಅದಕ್ಕೇ ಕಣಪ್ಪ ನಿನ್ ಹೆಂಡ್ತಿ ಅರ್ದಾಕು ಅಂದಿರದು" ಅಂದರು ಅತ್ತೆ.

ಎದುರುಮನೆ ಅಕ್ಕ ಕೆಮ್ಮಿದಂತೆ ಮಾಡಿ ಒಳಗೆ ಹೋದಳು. ನನಗೆ ಪಾಪ ಅನ್ನಿಸಿತು. ಅಂಗಿಯಲ್ಲಿ ಜೇಬಿನ ತುಂಡು ಇನ್ನೂ ಹೊಲಿಯದೆ ಉಳಿದಿತ್ತು. ಅದನ್ನು ಗುಂಡಿ ಸಮೇತ ಹಾಗೇ ಉಳಿಸಿ, ಅವನು ಮಲಗೋ ಕಡೆಗೆ ಬರೋ ಹಾಗೆ ಹೊಲಿದುಕೊಡ್ತೀನಿ ಅಂದೆ. ಕಣ್ಣೊರೆಸಿಕೊಂಡು ಖುಷಿಯಾಗಿ ಹೋದ.

ಕೌದಿ ತೆಗೆದುಕೊಂಡು ಹೋದ ಮೇಲೆ ಸ್ವಲ್ಪ ದಿನಕ್ಕೆ ಹೆಂಡತಿ ಬಂದಳು. "ಆ ಜೇಬು ಬಿಚ್ಚಾಕ್ಬುಡಿ ಅಕ್ಕ, ನಿಮ್ ಕಾಲು ಕಟ್ಕತೀನಿ" ಅಂದಳು. ವಿಷಯ ಏನೆಂದರೆ, ಸಂಜೆ ಇವಳ ಧಾರಾವಾಹಿ ಶುರುವಾಗೋ ಹೊತ್ತಿಗೆ ಅವನು ಟಿವಿ ರಿಮೋಟನ್ನು ಆ ಜೇಬಿಗೆ ಹಾಕಿ, ಗುಂಡಿ ಹಾಕಿ, ಜೇಬಿನ ಮೇಲೇ ಮಲಗಿಬಿಡ್ತಾನಂತೆ. ಕೌದಿ ಎಳೆದರೆ ಗಂಡನೂ ಬರ್ತಾನೆ, ರಿಮೋಟ್ ಬರಲ್ಲ.

"ಬಿಚ್ಚದ್ಯಾಕಮ್ಮಿ? ನಿನ್ ಕಡೀಕೂ ಒಂದು ಜೇಬು ಆಕ್ಬುಡನ" ಅಂದರು ಅತ್ತೆ. ಹಾಕಿದೆವು.

ಈಗ ಆ ಮನೆಯಲ್ಲಿ ಗಂಡನ ಜೇಬಲ್ಲಿ ರಿಮೋಟ್ ಇರುತ್ತಂತೆ, ಹೆಂಡತಿ ಜೇಬಲ್ಲಿ ಅದರ ಸೆಲ್ ಇರುತ್ತಂತೆ.

ಕಳೆದುಹೋದ ಸೂಜಿ

ಕುದೇರಿನ ಒಂದು ಮನೆಯವರ ಮೊಮ್ಮಗುವಿಗೆ ತೊಟ್ಟಿಲ ಕೌದಿ. ಮಧ್ಯಾಹ್ನ ಬಂದು ತೆಗೆದುಕೊಂಡು ಹೋಗ್ತೀವಿ ಅಂದಿದ್ದರು. ಕೊನೆಯ ಗಂಟು ಹಾಕಿ ನೋಡಿದರೆ ಒಂದು ಸೂಜಿ ಇಲ್ಲ. ಬೇರೆ ಕೌದಿಯಾಗಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಇದು ಹಸುಗೂಸು ಮಲಗೋದು.

ಜಗಲಿ ಗುಡಿಸಿದೆವು. ಚಾಪೆ ಕೊಡವಿದೆವು. ಕೌದಿಯನ್ನು ಇಂಚಿಂಚೂ ಹಿಚುಕಿ ನೋಡಿದೆವು. ಹಾಳಾದ ಸ್ಪೀಕರ್‌ನಿಂದ ಬಿಚ್ಚಿಟ್ಟಿದ್ದ ಅಯಸ್ಕಾಂತ ತಂದು ಆಡಿಸಿದೆವು. ಅದಕ್ಕೆ ಅತ್ತೆಯ ಎಲೆಅಡಿಕೆ ಡಬ್ಬಿ ಅಂಟಿಕೊಂಡಿತೇ ಹೊರತು ಸೂಜಿ ಸಿಗಲಿಲ್ಲ.

"ಇದೆಲ್ಲ ಆಗದಲ್ಲ, ಅತ್ತಗೆ ಸರೀರಿ" ಅಂತ ಅತ್ತೆ ಸೆರಗು ಸಿಕ್ಕಿಸಿ ಕೌದಿ ಮೇಲೆ ಅಂಗಾತ ಮಲಗಿಬಿಟ್ಟರು. "ಇದ್ರೆ ಚುಚ್ಚತದ. ನನ್ ಚರ್ಮ ದಪ್ಪ, ಕೂಸಿನ ಚರ್ಮ ಸಣ್ಣ. ನಂಗೇ ಚುಚ್ಲಿ."

ತೊಟ್ಟಿಲ ಕೌದಿ ಎಷ್ಟಗಲ ಇರುತ್ತೆ? ಅತ್ತೆಯ ಬೆನ್ನು ಹಿಡಿಯಿತು, ಕಾಲೆಲ್ಲ ಹೊರಗೆ. ಆ ಮಗ್ಗುಲಿಗೆ ಹೊರಳಿದರು, ಈ ಮಗ್ಗುಲಿಗೆ ಹೊರಳಿದರು. ನಾವಿಬ್ಬರೂ ಉಸಿರು ಹಿಡಿದು ನೋಡ್ತಾ ಇದ್ದೆವು. ಯೋಚನೆಯಲ್ಲಿ ಎದುರುಮನೆ ಅಕ್ಕ ತಲೆ ಕೆರೆದುಕೊಂಡಳು, "ಅವ್ವಾ!" ಅಂತ ಕಿರುಚಿದಳು. ಸೂಜಿ ಅವಳ ತುರುಬಿನಲ್ಲೇ ಇತ್ತು, ದಾರದ ಸಮೇತ.

ಸದ್ಯ ಗೆದ್ದೆವು ಅಂತ ಅತ್ತೆಯನ್ನು ಏಳಿಸೋಕೆ ಹೋದರೆ ಗೊರಕೆ ಕೇಳಿಸಿತು. ಅಲ್ಲಾಡಿಸಿದರೂ ಏಳಲಿಲ್ಲ. ಅಷ್ಟರಲ್ಲಿ ಮಗುವಿನ ಅಜ್ಜಿ ಬಂದು ಬಾಗಿಲಲ್ಲಿ ನಿಂತಿದ್ದಾರೆ. ಹೊಸ ಕೌದಿ ಮೇಲೆ ಮುದುಕಿ ಬಾಯಿ ತೆಗೆದು ಮಲಗಿರೋದನ್ನ ನೋಡ್ತಾ ಇದ್ದಾರೆ. ಏನು ಹೇಳಲಿ? ಬಾಯಿಗೆ ಬಂದದ್ದು ಹೇಳಿದೆ: "ಮೆತ್ತಗದಾ ಅಂತ ಪರೀಕ್ಷೆ ಮಾಡ್ತಾವ್ರೆ ಅವ್ವ."

ಆ ಅಜ್ಜಿ ಮೆಲ್ಲಗೆ ಬಂದು ಪಕ್ಕದಲ್ಲಿ ಕೂತರು. "ಏಳಿಸ್ಬೇಡ ಕಣಮ್ಮಿ, ಪಾಪ" ಅಂದರು. "ನಮ್ ಕೂಸು ಒಂದು ಗಳಿಗೆ ಕಣ್ಮುಚ್ಚಲ್ಲ, ನಮ್ಮನ್ನೂ ಮುಚ್ಚಕ್ಕೆ ಬುಡಲ್ಲ. ಇಷ್ಟು ನಿದ್ದೆ ಬರಂಗಿದ್ರೆ ದೊಡ್ದಾಗಿ ಇನ್ನೊಂದು ಹೊಲ್ದುಬುಡು, ನಂಗೆ."

ಹಳೇದೇ ಬೇಕು

ಬಂಡೀಪುರ ದಾರಿಯ ಒಂದು ರೆಸಾರ್ಟಿನ ಮ್ಯಾನೇಜರ್ ಕಾರಲ್ಲಿ ಬಂದು, ಕೋಣೆಗಳಿಗೆ ಹಾಸೋಕೆ ಕೈಯಲ್ಲಿ ಹೊಲಿದ ಕೌದಿ ಬೇಕು ಅಂದರು. ದೊಡ್ಡ ಗಿರಾಕಿ. ಇದು ಹಿಡಿದರೆ ನಮ್ಮ ಮೂವರಿಗೂ ವರ್ಷವಿಡೀ ಕೆಲಸ. ಹಾಗಾಗಿ ಇದ್ದುದರಲ್ಲಿ ಚೆನ್ನಾಗಿರೋ ಬಟ್ಟೆ ಆರಿಸಿ, ಗಂಜಿ ಹಾಕಿ ಇಸ್ತ್ರಿ ಮಾಡಿ, ಹೊಲಿಗೆ ಒಂದು ನೂಲೂ ಸೊಟ್ಟ ಆಗದಂತೆ ಮಾದರಿಗೆ ಒಂದು ಹೊಲಿದಿಟ್ಟೆವು.

ಅವರು ಬಂದು ನೋಡಿದರು. ಮುಖ ಸಣ್ಣ ಮಾಡಿದರು. "ಚೆನ್ನಾಗಿದೆ. ಆದರೆ ತುಂಬಾ ಹೊಸದಾಗಿದೆ. ನಮಗೆ ಹಳೇದರ ಥರ ಇರಬೇಕು. ಬಳಸಿದ ಹಾಗೆ ಇರಬೇಕು. ಬದುಕಿದ ಹಾಗೆ ಇರಬೇಕು."

ನಮಗೆ ತಲೆ ಬುಡ ತಿಳಿಯಲಿಲ್ಲ. ಅವರು ಫೋನಲ್ಲಿ ಮಾತಾಡ್ತಾ ಮಾತಾಡ್ತಾ ಹಿತ್ತಲಿಗೆ ಹೋದವರು ಅಲ್ಲಿಂದಲೇ ಕೂಗಿದರು: "ಇದು! ಇದು ನೋಡಿ, ಇದು ನನಗೆ ಬೇಕಾಗಿರೋದು!"

ಓಡಿಹೋಗಿ ನೋಡಿದರೆ, ಚಳಿಗೆ ಅಂತ ಎಮ್ಮೆ ಕರುವಿನ ಮೇಲೆ ಹೊದಿಸಿದ್ದ ಕೌದಿಯನ್ನು ನಾಲ್ಕೂ ದಿಕ್ಕಿನಿಂದ ಫೋಟೋ ತೆಗೀತಾ ಇದ್ದಾರೆ. ಬಣ್ಣ ಹೋಗಿದೆ, ಒಂದು ಮೂಲೆಯನ್ನು ಕರು ಅಗಿದು ಚಿಂದಿ ಮಾಡಿದೆ.

"ಸಾ, ಅದು ಕರೂಂದು ಸಾ" ಅಂದೆ.

"ಕರುಗೆ ಆ ಹೊಸದು ಹೊದಿಸಿ" ಅಂದರು.

ಎಷ್ಟು ಹೇಳಿದರೂ ಕೇಳಲಿಲ್ಲ. ಬಿಸಿನೀರಲ್ಲಿ ನೆನೆಸಿ, ಸೋಪು ಹಾಕಿ, ಕುಕ್ಕಿ ಕುಕ್ಕಿ ಒಗೆದು, ಒಣಗಿಸಿ ಕಳಿಸಿದೆವು. ಇಸ್ತ್ರಿ ಮಾಡಿದ ಹೊಸ ಕೌದಿ ಹೊದ್ದು ನಮ್ಮ ಕರು ಮದುಮಗನ ಹಾಗೆ ನಿಂತಿತ್ತು. ಹದಿನೈದು ದಿನಕ್ಕೆ ಮ್ಯಾನೇಜರ್ ಫೋನು ಬಂತು. ವಾಪಸ್ ಕಳಿಸ್ತಾರೇನೋ ಅಂತ ನಾನು ಹೆದರಿ ಫೋನಿನ ಸ್ಪೀಕರ್ ಹಾಕಿ ಅತ್ತೆಯ ಕೈಗೆ ಕೊಟ್ಟೆ.

"ಅಜ್ಜಿ, ಗೆಸ್ಟ್‌ಗಳಿಗೆ ತುಂಬಾ ಇಷ್ಟ ಆಗಿದೆ. ಒರಿಜಿನಲ್ ಹಳ್ಳಿ ವಾಸನೆ ಅಂತ ಮೂಸಿ ಮೂಸಿ ನೋಡ್ತಾರೆ. ಪ್ರತಿ ಕೋಣೆಗೂ ಅಂಥದ್ದೇ ಒಂದೊಂದು ಬೇಕು."

ಅತ್ತೆ ಯೋಚನೆ ಮಾಡಿ ಹೇಳಿದರು: "ಕೌದಿ ಎಷ್ಟು ಬೇಕಾದ್ರೂ ಹೊಲ್ಕೊಡ್ತೀವಿ ಕಣಪ್ಪ. ಅಷ್ಟೊಂದು ಕರು ಎಲ್ಲಿಂದ ತರನ?"

ಪಟ್ಟಿ

ನನ್ನ ತವರು ಗುಂಡ್ಲುಪೇಟೆ. ಅಲ್ಲಿಗೆ ಹೋದರೂ ನನ್ನ ಸೂಜಿಗೆ ಬಿಡುವಿಲ್ಲ. ಅಣ್ಣನ ಮನೆಯ ಬೀದಿಯಲ್ಲೇ ಕೇರಳದ ಒಂದು ಸಂಸಾರ ಬಾಡಿಗೆಗಿತ್ತು. ಶುಂಠಿ ಬೆಳೆಯೋಕೆ ಅಂತ ಜಮೀನು ಗುತ್ತಿಗೆ ಹಿಡಿದವರು. ಆ ಮನೆಯಾಕೆಗೆ ಕನ್ನಡ ಇನ್ನೂ ಅರ್ಧಂಬರ್ಧ. ನಾನು ಹೊಲಿಯೋದನ್ನ ನೋಡಿ, ತನಗೂ ಒಂದು ಬೇಕು ಅಂತ ಸೀರೆಗಳನ್ನು ತಂದರು. ಬಣ್ಣ ಎಲ್ಲ ಒಪ್ಪಿಗೆಯಾಯಿತು.

"ಸುತ್ತ ಕೆಂಪು ಪಟ್ಟಿ ಹಾಕ್ತೀನಿ, ಚೆನ್ನಾಗಿ ಕಾಣುತ್ತೆ" ಅಂದೆ.

ಆಕೆ ಬೆಚ್ಚಿದರು. "ಪಟ್ಟಿಯೋ? ಅಯ್ಯೋ, ಪಟ್ಟಿ ವೇಂಡಾ! ಪಟ್ಟಿ ಬೇಡ!"

"ಪಟ್ಟಿ ಇಲ್ಲದೆ ಕೌದಿ ನಿಲ್ಲಲ್ಲಮ್ಮ. ನಾಲ್ಕು ಕಡೆಗೂ ನಾಲ್ಕು ಪಟ್ಟಿ ಬೇಕೇ ಬೇಕು."

"ನಾಲ್ಕು ಪಟ್ಟಿ!" ಆಕೆ ಎರಡು ಹೆಜ್ಜೆ ಹಿಂದೆ ಹೋದರು. "ನನಗೆ ಪಟ್ಟಿ ಪೇಡಿ. ಭಯ, ಭಯ."

ಪಟ್ಟಿಗೆ ಹೆದರೋರನ್ನ ನಾನು ಎಲ್ಲೂ ಕಂಡಿಲ್ಲ. ಸಮಾಧಾನ ಮಾಡಿದೆ. "ಭಯ ಯಾಕೆ? ನಮ್ಮ ಪಟ್ಟಿ ಬಹಳ ಮೆತ್ತಗೆ. ನಾಲ್ಕೂ ಪಟ್ಟಿಯ ತುದಿ ಕತ್ತರಿಸಿ, ಒಂದಕ್ಕೊಂದು ಸೇರಿಸಿ ಬಿಗಿಯಾಗಿ ಹೊಲಿದುಬಿಡ್ತೀನಿ. ಒಂದು ಪಟ್ಟಿಯೂ ಅಲ್ಲಾಡಲ್ಲ."

ಆಕೆ ಕೈಯಿಂದ ಬಾಯಿ ಮುಚ್ಚಿಕೊಂಡರು. ನನ್ನನ್ನು ನೋಡಿದ ನೋಟ ಕಟುಕರನ್ನು ನೋಡೋ ನೋಟ.

ಅಷ್ಟರಲ್ಲಿ ಅಣ್ಣ ಬಂದ. ಅವನು ತರಕಾರಿ ಗಾಡಿ ಕೇರಳಕ್ಕೆ ಓಡಿಸೋನು, ಮಲಯಾಳಂ ಚೆನ್ನಾಗಿ ಬರುತ್ತೆ. ಇಬ್ಬರ ಮಾತನ್ನೂ ಕೇಳಿ ಕಂಬ ಹಿಡಿದುಕೊಂಡು ನಕ್ಕ. "ಅವ್ರ ಭಾಷೇಲಿ ಪಟ್ಟಿ ಅಂದ್ರೆ ನಾಯಿ ಕಣಮ್ಮಿ!"

ಆಮೇಲೆ ಆಕೆಯೂ ನಕ್ಕರು, ನಾನೂ ನಕ್ಕೆ, ಪಟ್ಟಿಯೂ ಹಾಕಿ ಕೊಟ್ಟೆ. ನಾನು ಊರಿಗೆ ಬಂದ ಮೇಲೆ ಒಂದು ದಿನ ಆಕೆಯೇ ಫೋನು ಮಾಡಿದರು. ಅಷ್ಟರಲ್ಲಿ ಕನ್ನಡ ಕಲಿತುಬಿಟ್ಟಿದ್ದರು.

"ಒಗೆಯುವಾಗ ನಿಮ್ಮ ಒಂದು ಪಟ್ಟಿ ಬಿಚ್ಚಿಕೊಂಡಿದೆ. ಕಚ್ಚೋದಕ್ಕೆ ಮುಂಚೆ ಬಂದು ಕಟ್ಟಿಹಾಕಿ."

ನೇರಳೆ ಸೀರೆ

ಇದರಲ್ಲಿ ಮೊದಮೊದಲು ನಗು ಇರಲಿಲ್ಲ. ಅಕ್ಕ ತಂಗಿ ಇಬ್ಬರು ತೀರಿಹೋದ ತಾಯಿಯ ಸೀರೆಗಳನ್ನು ತಂದರು. ಅಕ್ಕನನ್ನು ಕುದೇರಿಗೆ ಕೊಟ್ಟಿದೆ, ತಂಗಿ ಚಾಮರಾಜನಗರ ಟೌನಲ್ಲಿದ್ದಾಳೆ. ಇಬ್ಬರಿಗೂ ಒಂದೊಂದು ಕೌದಿ ಆಗಬೇಕು, ಅವ್ವನ್ನೇ ಹೊದ್ದಂಗಿರಬೇಕು ಅಂದರು. ಗಂಟು ಬಿಚ್ಚಿದಾಗ ಒಳಗಿಂದ ಒಂದು ನೇರಳೆ ಬಣ್ಣದ ಸೀರೆ ಬಂತು. ಅದನ್ನು ಕಂಡಿದ್ದೇ ತಡ, ಇಬ್ಬರೂ ಅತ್ತರು.

"ಅವ್ವ ಇದನ್ನ ಉಟ್ಕಂಡೇ ನನ್ನ ಸ್ಕೂಲ್‌ಗೆ ಬುಡಕ್ಕೆ ಬತ್ತಿದ್ಲು" ಅಂದಳು ಅಕ್ಕ.

"ನನ್ ಬಾಣಂತನ ಮಾಡುವಾಗ ಇದ್ನೇ ಕಣಕ್ಕ ಉಡ್ತಿದ್ದುದು" ಅಂದಳು ತಂಗಿ.

ಆ ಸೀರೆ ತನ್ನ ಕೌದಿಗೇ ಬೇಕು ಅಂತ ಇಬ್ಬರೂ ಹಟ ಹಿಡಿದರು. ಮಾತಿಗೆ ಮಾತು ಬೆಳೆಯಿತು. ಅವ್ವನಿಗೆ ಯಾರ ಮೇಲೆ ಜಾಸ್ತಿ ಪ್ರೀತಿ ಇತ್ತು ಅನ್ನೋವರೆಗೂ ಹೋಯಿತು. ಕೊನೆಗೆ ಒಬ್ಬಳು ಜಗಲಿಯ ಈ ತುದಿ, ಒಬ್ಬಳು ಆ ತುದಿ. "ಅವ್ಳಿಗೆ ಹೇಳಿ ಅಕ್ಕ" ಅಂತ ಇವಳು, "ಅವ್ಳಿಗೆ ಹೇಳಿ ಅಕ್ಕ" ಅಂತ ಅವಳು. ನಾನು ನಡುವೆ ಕೂತು ಸೀರೆಯನ್ನು ಸರಿಯಾಗಿ ಎರಡು ಮಾಡಿದೆ. ಎರಡೂ ಕೌದಿಯ ನಡುವಿಗೆ ನೇರಳೆ, ಸುತ್ತಲೂ ಮಿಕ್ಕ ಸೀರೆಗಳು.

ತೆಗೆದುಕೊಂಡು ಹೋಗೋಕೆ ಇಬ್ಬರೂ ಬೇರೆ ಬೇರೆ ಬಸ್ಸಲ್ಲಿ ಬಂದರು. ಜಗಳ ಹರಿಯಲಿ ಅಂತ ಅವರ ತಂದೆಯೂ ಬಂದಿದ್ದರು. ಎರಡೂ ಕೌದಿಯನ್ನು ಹರಡಿ ತೋರಿಸಿದೆ. ಆ ಯಜಮಾನರು ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು.

"ಈ ನೇರಳೆ ಯಾರ್ದು?"

"ಅವ್ವಂದು ಕಣಪ್ಪ!" ಇಬ್ಬರೂ ಒಟ್ಟಿಗೆ ಅಂದರು.

"ನಿಮ್ಮವ್ವಂದಲ್ಲ ಕಣ್ರವ್ವ. ಇದು ನಿಮ್ ಸೋದರತ್ತೇದು. ಒಂದ್ಸಲ ಬಂದವ್ಳು ಜಗಳ ಆಡ್ಕಂಡು ಒಗೆದಾಕಿದ್ದ ಸೀರೆ ಬುಟ್ಟು ಒಂಟೋದ್ಲು. ನಿಮ್ಮವ್ವ ಅದನ್ನ ವಾಪಸ್ಸೂ ಕೊಡ್ನಿಲ್ಲ, ಉಡ್ನೂ ಇಲ್ಲ."

ಆ ಸೋದರತ್ತೆ ತನ್ನ ಅತ್ತಿಗೆ, ಅಂದ್ರೆ ಇವರವ್ವ, ಸಾಯೋವರೆಗೂ ಮುಖ ಕೊಟ್ಟು ಮಾತಾಡಿದವರಲ್ಲವಂತೆ. ಅಕ್ಕ ತಂಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಂಗಿ ಮೆಲ್ಲಗೆ ಕೇಳಿದಳು: "ಅಂಗಾದ್ರೆ ನಿನ್ನ ಸ್ಕೂಲ್‌ಗೆ ಬುಡಕ್ಕೆ ಬಂದುದ್ದು ಯಾರಕ್ಕ?" ಅಕ್ಕ ತಿರುಗಿ ಕೇಳಿದಳು: "ನಿನ್ ಬಾಣಂತನ ಮಾಡ್ದೋಳು ಯಾರೇ?" ಅತ್ತು ಕೆಂಪಾಗಿದ್ದ ಕಣ್ಣಲ್ಲೇ ಇಬ್ಬರೂ ನಗೋಕೆ ಶುರು ಮಾಡಿದರು. ಒಬ್ಬರ ಹೆಗಲು ಒಬ್ಬರು ಹಿಡಿದುಕೊಂಡು ಉಸಿರು ಕಟ್ಟೋ ಹಾಗೆ ನಕ್ಕರು.

ನಾನು ಕತ್ತರಿ ತೆಗೆದು, "ನೇರಳೆ ಬಿಚ್ಚಿಬಿಡ್ಲಾ?" ಅಂದೆ.

"ಬ್ಯಾಡ ಕಣವ್ವ, ಇರ್ಲಿ ಬುಡು" ಅಂದರು ಯಜಮಾನರು. "ನನ್ ಹೆಂಡ್ತಿ, ಅವ್ಳ ನಾದ್ನಿ ಇಬ್ರನ್ನೂ ಒಂದು ಕಡೆ ಕೂರ್ಸಕ್ಕೆ ನನ್ ಜೀವಮಾನದಲ್ಲಿ ಆಗ್ನಿಲ್ಲ. ನೀನು ಹೊಲ್ದೇ ಬುಟ್ಟೆ!"

ಅರಿಶಿನದ ಹೊಲದಲ್ಲಿ

ಒಂದು ಬೆಳಿಗ್ಗೆ ಕಾಫಿ ಕುಡೀತಾ ಇದ್ದೆವು. ಬೀದಿಯಲ್ಲಿ ಕೂಗು: "ಚಿರ್ತೆ! ಚಿರ್ತೆ ಬಂದದ! ಬಾಗ್ಲಾಕ್ಕಳಿ!"

ನಮ್ಮ ಕಡೆ ಇದು ತಮಾಷೆಯ ಮಾತಲ್ಲ. ಗುಡ್ಡದ ಕಲ್ಲುಕ್ವಾರಿ ಕಡೆಯಿಂದ ಚಿರತೆ ಬಂದು ಕುರಿ ನಾಯಿ ಹಿಡಿದುಕೊಂಡು ಹೋಗಿದ್ದುಂಟು. ಹೆಂಗಸರು ಮಕ್ಕಳು ಮನೆ ಸೇರಿದರು, ಗಂಡಸರು ತಾರಸಿ ಸೇರಿದರು. ನಾವೂ ಅತ್ತೆಯನ್ನು ಕೈ ಹಿಡಿದು ತಾರಸಿ ಹತ್ತಿಸಿದೆವು. ಊರ ಹಿಂದೆ ಅರಿಶಿನದ ಹೊಲ. ಸೊಂಟದೆತ್ತರ ಬೆಳೆದ ಹಸಿರು ಎಲೆಗಳ ನಡುವೆ ಹಳದಿ ಮೈ, ಕಪ್ಪು ಚುಕ್ಕೆ. ಗಾಳಿಗೆ ಎಲೆ ಆಡಿದಾಗ ಒಮ್ಮೆ ಕಾಣುತ್ತೆ, ಒಮ್ಮೆ ಮರೆಯಾಗುತ್ತೆ.

ಮೊದಲು ಕಂಡವನು ಮೂಲೆಮನೆಯವನು. ಅವನು ತಾರಸಿಯೂ ಸಾಲದು ಅಂತ ನೀರಿನ ಟ್ಯಾಂಕ್ ಹತ್ತಿ ಕೂತು, ಅಲ್ಲಿಂದಲೇ ಊರಿಗೆಲ್ಲ ವರದಿ ಒಪ್ಪಿಸ್ತಾ ಇದ್ದ. "ಬಾಲ ಆಡಿಸ್ತು ಕಣ್ರಲಾ! ಅಗೋ, ನನ್ನೇ ನೋಡ್ತಾ ಅದ! ಕಣ್ಣು ಕೆಂಡ ಇದ್ದಂಗವೆ!"

ಯಾರೋ ಅರಣ್ಯ ಇಲಾಖೆಗೆ ಫೋನು ಮಾಡಿದರು. ಅವರೂ ಬೇಗನೇ ಜೀಪಲ್ಲಿ ಬಲೆ, ಪಟಾಕಿ ಎಲ್ಲ ಹಿಡಿದುಕೊಂಡು ಬಂದರು. ಯಾರೂ ಕೆಳಗೆ ಇಳೀಬಾರದು ಅಂತ ಮೈಕಲ್ಲಿ ಹೇಳಿದರು. ಹೊಲದ ಸುತ್ತ ಬಲೆ ಬಿಡಿಸೋಕೆ ಶುರು ಮಾಡಿದರು.

ಅತ್ತೆ ಹಣೆಗೆ ಕೈ ಅಡ್ಡ ಇಟ್ಟು ನೋಡ್ತಾನೇ ಇದ್ದರು. "ಅಮ್ಮಿ, ಆ ಚಿರ್ತೆಗೆ ಕೆಂಪು ಅಂಚು ಯಾಕದ?" ಅಂದರು.

"ಸುಮ್ನಿರಿ ಅತ್ತೆ" ಅಂದೆ. ನನ್ನ ಕಣ್ಣೆಲ್ಲ ಬಲೆ ಹಿಡಿದವರ ಮೇಲಿತ್ತು. ತಿರುಗಿ ನೋಡಿದರೆ ಅತ್ತೆ ಪಕ್ಕದಲ್ಲಿಲ್ಲ. ಹಿತ್ತಲ ಬಾಗಿಲು ತೆಗೆದು, ಕೋಲು ಊರಿಕೊಂಡು, ಸೀದಾ ಹೊಲದೊಳಗೆ ಹೋಗ್ತಾ ಇದ್ದಾರೆ!

ಊರಿಗೆ ಊರೇ ಚೀರಿತು. "ಅಜ್ಜೀ, ಓಗ್ಬೇಡೀ! ವಾಪಸ್ ಬಾ ಅಜ್ಜೀ!" ಮೈಕೂ ಚೀರಿತು. ಬಲೆ ಹಿಡಿದವರು ಬಲೆ ಬಿಟ್ಟು ಓಡಿದರು, ಅತ್ತೆಯನ್ನು ಹಿಡಿಯೋಕೆ. ನಾನು ಏಣಿ ಇಳಿಯೋಕೆ ಹೋದೆ, ನನ್ನ ಗಂಡ ರಟ್ಟೆ ಹಿಡಿದುಕೊಂಡರು. ಅತ್ತೆ ಚಿರತೆಯ ಹತ್ತಿರ ಹೋದರು. ನಿಂತರು. ನಾನು ಕಣ್ಣು ಮುಚ್ಚಿಕೊಂಡೆ.

ಪಟ್ ಪಟ್ ಅಂತ ಸದ್ದು ಬಂತು. ಕಣ್ಣು ಬಿಟ್ಟು ನೋಡಿದರೆ ಅತ್ತೆ ಚಿರತೆಯನ್ನು ಎರಡು ಕೈಯಲ್ಲೂ ಎತ್ತಿ ಧೂಳು ಕೊಡವ್ತಾ ಇದ್ದಾರೆ. ಕೊಡವಿ, ನಾಲ್ಕು ಮಡಿಕೆ ಮಾಡಿ, ಕಂಕುಳಲ್ಲಿ ಇಟ್ಟುಕೊಂಡು, ಬಂದ ದಾರಿಯಲ್ಲೇ ವಾಪಸ್ ಬಂದರು. ನಾವೇ ಹೊಲಿದ ಕೌದಿ. ಯಾರೋ ಒಗೆದು ಬೇಲಿ ಮೇಲೆ ಒಣಗೋಕೆ ಹಾಕಿದ್ದಾರೆ, ಗಾಳಿಗೆ ಹಾರಿ ಹೊಲಕ್ಕೆ ಬಿದ್ದಿದೆ. ನಡುವಿಗೆ ಚಿರತೆ ಚುಕ್ಕಿಯ ಒಂದು ಹಳೆ ನೈಟಿ ಹಾಕಿ ಹೊಲಿದಿದ್ದು ನನಗೂ ಆಗ ನೆನಪಾಯಿತು.

"ಯಾರದಮ್ಮ ಇದು?" ಅಂತ ಇಲಾಖೆಯ ಸಾಹೇಬರು ಬೆವರು ಒರೆಸಿಕೊಂಡು ಕೇಳಿದರು.

ಗುಂಪಿನ ಹಿಂದಿಂದ ಒಬ್ಬಳು ತಲೆ ತಗ್ಗಿಸಿಕೊಂಡು ಬಂದು ಕೈ ಚಾಚಿದಳು. ಮೂಲೆಮನೆಯವನ ಹೆಂಡತಿ.

ಅತ್ತೆ ಕತ್ತೆತ್ತಿ ಟ್ಯಾಂಕ್ ಕಡೆ ನೋಡಿದರು. "ಏನ್ಲಾ, ನಿಮ್ಮನೇಲೇ ದಿನಾ ಓಡಾಡ್ಕಂಡಿದ್ದ ನೈಟಿ ಕಣ್ಲಾ ಇದು! ಗುರ್ತು ಸಿಗ್ನಿಲ್ವಾ?"

ಅವನು ಟ್ಯಾಂಕನ್ನು ಇನ್ನೂ ತಬ್ಬಿಕೊಂಡೇ ಇದ್ದ. "ಗುರ್ತು ಸಿಕ್ಕಿದ್ರೆ ಮಾತ್ರ ಏನವ್ವ? ಮನೇಲಿ ಕಂಡಾಗ್ಲೂವೆ ನಂಗೆ ಇಂಗೇ ಆಯ್ತಿತ್ತು!"

ಊರೆಲ್ಲ ನಕ್ಕಿತು. ಇಲಾಖೆಯವರು ಬಲೆ ಸುತ್ತಿಕೊಂಡು, ಕಾಫಿ ಕುಡಿದು ಹೊರಟುಹೋದರು. ಜನ ಹೊಲಕ್ಕೆ, ಕೂಲಿಗೆ ಅಂತ ಚದುರಿದರು. ಮೂಲೆಮನೆಯವನು ಮಾತ್ರ ಸಂಜೆವರೆಗೂ ಟ್ಯಾಂಕಿಂದ ಇಳಿಯಲಿಲ್ಲ.

ಟ್ಯಾಂಕಿನ ಏಣಿಯ ಬುಡದಲ್ಲಿ ಹೆಂಡತಿ ಕೂತಿದ್ದಳು.